ಅಗ್ಗದ 1911 ಪಿಸ್ತೂಲಿಗೆ ಗನ್‌ಸ್ಮಿತ್ ಕೈ: ಯಾವ ಕೆಲಸಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಅಮೆರಿಕದ ಅಂಗಡಿಗಳಲ್ಲಿ ರಾಕ್ ಐಲೆಂಡ್ ಆರ್ಮರಿ ಹೆಸರಿನ ಸಾದಾ 1911 ಪಿಸ್ತೂಲು ಐನೂರು ಡಾಲರ್ ಆಸುಪಾಸಿಗೆ ಸಿಗುತ್ತದೆ. ತಯಾರಾಗುವುದು ಫಿಲಿಪ್ಪೀನ್ಸ್‌ನ ಆರ್ಮ್‌ಸ್ಕೋರ್ ಕಾರ್ಖಾನೆಯಲ್ಲಿ. ಟರ್ಕಿಯ ಟಿಸಾಸ್ ಕೂಡ ಇದೇ ಬೆಲೆಯ ಸಾಲಿನದು. ಜಾನ್ ಬ್ರೌನಿಂಗ್ ರೂಪಿಸಿದ, ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡ ಈ ವಿನ್ಯಾಸದ ಪೇಟೆಂಟ್ ಮುಗಿದು ಎಷ್ಟೋ ಕಾಲವಾಯಿತು. ಯಾರು ಬೇಕಾದರೂ ಮಾಡಿ ಮಾರಬಹುದು. ಬೆಲೆ ಇಳಿಯುವುದು ಮುಖ್ಯವಾಗಿ ಕೈಕೆಲಸ ಬಿಡುವುದರಿಂದ. ದುಬಾರಿ 1911 ಪಿಸ್ತೂಲಿನಲ್ಲಿ ಕುಶಲಿಯೊಬ್ಬ ಗಂಟೆಗಟ್ಟಲೆ ಕೂತು ಅರ ಹಾಕಿ, ಉಜ್ಜಿ ಹೊಂದಿಸುವ ಭಾಗಗಳು ಇಲ್ಲಿ ಯಂತ್ರದಿಂದ ಬಂದಂತೆಯೇ ಜೋಡಣೆಯಾಗಿರುತ್ತವೆ.

ಆ ಕೈಕೆಲಸವನ್ನು ಆಮೇಲೆ ಗನ್‌ಸ್ಮಿತ್ (ಬಂದೂಕು ರಿಪೇರಿಯ ಕುಶಲಿ) ಕೈಯಲ್ಲಿ ಇನ್ನೂರು ಮುನ್ನೂರು ಡಾಲರ್ ಕೊಟ್ಟು ಮಾಡಿಸಿದರೆ ಲಾಭವಿದೆಯೇ? ಎಕ್ಸ್‌ಟ್ರಾಕ್ಟರ್ (ಖಾಲಿ ಚಿಪ್ಪನ್ನು ಹೊರಗೆಳೆಯುವ ಭಾಗ) ಹೊಂದಿಸಲು ಇದೆ, ಟ್ರಿಗರ್‌ಗೆ ಕೆಲವೊಮ್ಮೆ ಇದೆ. ಉಳಿದ ಹೆಚ್ಚಿನ ಕೆಲಸ ಒಂದು ಒಳ್ಳೆಯ ಮ್ಯಾಗಜಿನ್‌ನಿಂದಲೋ (ತೋಟಾ ತುಂಬುವ ಡಬ್ಬಿ) ಕಂಪನಿಯ ವಾರಂಟಿಯಿಂದಲೋ ಮುಗಿಯುವಂಥದ್ದು.

ಅಮೆರಿಕದಲ್ಲಿರುವ ಕನ್ನಡಿಗರು ಮೊದಲೇ ತಿಳಿದಿರಬೇಕಾದ ಮಾತು: ಎಚ್-1ಬಿ, ಎಲ್-1, ಎಫ್-1ರಂಥ ತಾತ್ಕಾಲಿಕ ವೀಸಾದವರು ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ನಿಷೇಧಿಸಿದೆ. ಬೇಟೆ ಲೈಸೆನ್ಸ್ ಇದ್ದವರಿಗೆ ಇರುವಂಥ ವಿನಾಯಿತಿಗಳು ಕೆಲವೇ. ಗ್ರೀನ್ ಕಾರ್ಡ್ ಇದ್ದವರಿಗೆ ಈ ಅಡ್ಡಿ ಇಲ್ಲ.

ಮೊದಲ 200 ಗುಂಡು

ಹೊಸ ಪಿಸ್ತೂಲನ್ನು ನೇರವಾಗಿ ಗನ್‌ಸ್ಮಿತ್ ಬಳಿ ಒಯ್ಯಬೇಡಿ. ಬಿಚ್ಚಿ, ಕಾರ್ಖಾನೆಯಲ್ಲಿ ಬಳಿದ ತುಕ್ಕುನಿರೋಧಕ ಜಿಡ್ಡನ್ನು ಪೂರ್ತಿ ಒರೆಸಿ. ಸ್ಲೈಡ್ (ಹಿಂದೆ ಮುಂದೆ ಓಡುವ ಮೇಲ್ಭಾಗ) ಓಡುವ ಹಳಿಗಳಿಗೆ, ಬ್ಯಾರಲ್‌ನ ಮೇಲಿನ ಲಗ್‌ಗಳಿಗೆ (ಉಬ್ಬುಗಳಿಗೆ), ಬ್ಯಾರಲ್ ತುದಿಯ ಬುಶಿಂಗ್ ಎಂಬ ಬಳೆಯ ಒಳಕ್ಕೆ ಎಣ್ಣೆ ಹಾಕಿ. ಮ್ಯಾಗಜಿನ್‌ಗಳ ತಳದಲ್ಲಿ ಬಣ್ಣದಿಂದ 1, 2, 3 ಎಂದು ಬರೆಯಿರಿ. ಆಮೇಲೆ ಒಂದೇ ಕಂಪನಿಯ 230 ಗ್ರೇನ್ ಪೂರ್ಣ ಜಾಕೆಟ್ (ಗುಂಡಿಗೆ ಲೋಹದ ಹೊದಿಕೆ ಇರುವ) ತೋಟಾಗಳನ್ನು 200ರಷ್ಟು ಹಾರಿಸಿ. ಈ ಪಿಸ್ತೂಲು ಹುಟ್ಟಿದ್ದೇ ಅಂಥ ದುಂಡು ಮೂತಿಯ ಗುಂಡಿಗಾಗಿ; ಅದನ್ನೇ ನುಂಗದಿದ್ದರೆ ಹಾಲೋ ಪಾಯಿಂಟ್ (ಮೂತಿ ಟೊಳ್ಳಾದ ಗುಂಡು) ವಿಚಾರ ಎತ್ತುವುದೇ ಬೇಡ. ತೋಟಾಗಳಿಗೆ ನೂರು ಡಾಲರ್ ಹತ್ತಿರ ಖರ್ಚಾಗುತ್ತದೆ, ಆದರೆ ಈ ಹಂತ ಬಿಟ್ಟವರು ಗನ್‌ಸ್ಮಿತ್‌ಗೆ ಊಹೆಯ ಮೇಲೆ ದುಡ್ಡು ಕೊಡುತ್ತಾರೆ.

ಪ್ರತಿ ಸಲ ಸಿಕ್ಕಿಕೊಂಡಾಗಲೂ ಬರೆದಿಡಿ. "2ನೇ ಮ್ಯಾಗಜಿನ್, ಕೊನೆಯ ತೋಟಾ, ಮೂತಿ ಮೇಲಕ್ಕೆ, ಸ್ಲೈಡ್ ಅರ್ಧಕ್ಕೆ ನಿಂತಿದೆ" ಎಂಬ ಒಂದು ಸಾಲು ಸಾಕು, ಕಾರಣ ಅದರಲ್ಲೇ ಸಿಗುತ್ತದೆ. ತೊಂದರೆಯೆಲ್ಲ ಒಂದೇ ಮ್ಯಾಗಜಿನ್‌ನಲ್ಲಿ ಬಂದರೆ ಪಿಸ್ತೂಲಿನ ತಪ್ಪಲ್ಲ. ಕೊನೆಯ ತೋಟಾ ಮಾತ್ರ ಎಗರಿ ನಿಲ್ಲುತ್ತಿದ್ದರೆ ಮ್ಯಾಗಜಿನ್ ಸ್ಪ್ರಿಂಗ್ ಸೋತಿದೆ ಅಥವಾ ತೋಟಾಗಳನ್ನು ಮೇಲಕ್ಕೆ ತಳ್ಳುವ ಫಾಲೋವರ್ ಸರಿಯಿಲ್ಲ. ತೋಟಾದ ಮೂತಿ ಕೆಳಗೆ ಬಾಗಿ ಫ್ರೇಮ್‌ಗೆ ಕುಟ್ಟುತ್ತಿದ್ದರೆ ಮೊದಲು ಮ್ಯಾಗಜಿನ್ ತುಟಿಗಳನ್ನು (ತೋಟಾ ಹಿಡಿದಿಡುವ ಮೇಲಂಚುಗಳನ್ನು) ನೋಡಿ. ವಿಲ್ಸನ್ ಕಾಂಬ್ಯಾಟ್ ಅಥವಾ ಮೆಕ್-ಗಾರ್ ಕಂಪನಿಯ ಒಂದು ಮ್ಯಾಗಜಿನ್ ಗನ್‌ಸ್ಮಿತ್‌ನ ಒಂದು ಗಂಟೆಯ ಕೂಲಿಗಿಂತ ಅಗ್ಗ. 1911ರ ದೂರುಗಳಲ್ಲಿ ಎಷ್ಟೋ ಅಷ್ಟಕ್ಕೇ ಮುಗಿಯುತ್ತವೆ.

ರಿಕಾಯಿಲ್ ಸ್ಪ್ರಿಂಗ್ (ಸ್ಲೈಡನ್ನು ಮತ್ತೆ ಮುಂದಕ್ಕೆ ತರುವ ಸ್ಪ್ರಿಂಗ್) ವಿಷಯದಲ್ಲಿ ಒಂದು ಸಾಮಾನ್ಯ ಎಡವಟ್ಟು ನಡೆಯುತ್ತದೆ. 5 ಇಂಚು ಬ್ಯಾರಲ್‌ನ .45 ಎಸಿಪಿ ತೋಟಾದ ಪಿಸ್ತೂಲಿಗೆ ರೂಢಿಯ ಸ್ಪ್ರಿಂಗ್ 16 ಪೌಂಡಿನದು. "ಫ್ರೇಮ್‌ಗೆ ಪೆಟ್ಟು ಕಡಿಮೆಯಾಗಲಿ" ಎಂದು 18.5 ಪೌಂಡಿನದನ್ನು ಹಾಕಿದರೆ ಸ್ಲೈಡ್ ಬೇಗ ಮುಂದೆ ಬರುತ್ತದೆ, ಮುಂದಿನ ತೋಟಾವನ್ನು ಮೇಲೆತ್ತಲು ಮ್ಯಾಗಜಿನ್‌ಗೆ ಸಮಯ ಸಾಲುವುದಿಲ್ಲ. ಚೆನ್ನಾಗಿದ್ದ ಪಿಸ್ತೂಲು ಹೀಗೆ ಕೈಯಾರೆ ಕೆಡುತ್ತದೆ.

ದುಡ್ಡಿಗೆ ತಕ್ಕ ಕೆಲಸ: ಎಕ್ಸ್‌ಟ್ರಾಕ್ಟರ್

ಸ್ಲೈಡ್‌ನ ಒಳಗೆ ಉದ್ದಕ್ಕೆ ಕೂತಿರುವ ಉಕ್ಕಿನ ಕಡ್ಡಿ ಇದು. ತುದಿಯ ಕೊಕ್ಕೆ ತೋಟಾದ ಅಂಚನ್ನು ಹಿಡಿದು ಖಾಲಿ ಚಿಪ್ಪನ್ನು ಹೊರಕ್ಕೆಳೆಯುತ್ತದೆ. ಬೇರೆ ಪಿಸ್ತೂಲುಗಳಲ್ಲಿ ಇದಕ್ಕೆ ಪ್ರತ್ಯೇಕ ಸ್ಪ್ರಿಂಗ್ ಇರುತ್ತದೆ; ಮೂಲ 1911ರಲ್ಲಿ ಕಡ್ಡಿಯೇ ಸ್ಪ್ರಿಂಗ್. ಎಷ್ಟು ಬಾಗಿರಬೇಕು ಎಂಬುದನ್ನು ಕೈಯಲ್ಲೇ ಹೊಂದಿಸಬೇಕು, ಅಗ್ಗದ ಪಿಸ್ತೂಲಿನಲ್ಲಿ ಮೊದಲು ಬಿಟ್ಟುಹೋಗುವುದೂ ಅದೇ. ಬಿಗಿ ಕಡಿಮೆಯಾದರೆ ಚಿಪ್ಪುಗಳು ದಿಕ್ಕಾಪಾಲಾಗಿ ಹಾರುತ್ತವೆ, ಹಣೆಗೆ ಬಡಿಯುತ್ತವೆ, ಇಲ್ಲವೇ ಚಿಪ್ಪು ಹೊರಬೀಳುವ ಸ್ಲೈಡ್ ಕಿಂಡಿಯಲ್ಲಿ ನೆಟ್ಟಗೆ ಸಿಕ್ಕಿಕೊಳ್ಳುತ್ತವೆ. ಬಿಗಿ ಹೆಚ್ಚಾದರೆ ಸ್ಲೈಡ್ ಕೊನೆಯ ಎರಡು ಮೂರು ಮಿಲಿಮೀಟರ್ ಮುಚ್ಚದೆ ನಿಲ್ಲುತ್ತದೆ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಸ್ಲೈಡ್ ಕಳಚಿ ಬ್ಯಾರಲ್ ತೆಗೆಯಿರಿ. ಮದ್ದೂ ಪ್ರೈಮರೂ (ಕಿಡಿ ಹೊತ್ತಿಸುವ ಭಾಗ) ಇಲ್ಲದ ಡಮ್ಮಿ ತೋಟಾದ ಅಂಚನ್ನು ಕೆಳಗಿನಿಂದ ಕೊಕ್ಕೆಯಡಿಗೆ ಜಾರಿಸಿ. ಜೀವಂತ ತೋಟಾ ಬಳಸಲೇಬೇಡಿ. ಸ್ಲೈಡನ್ನು ಮೆಲ್ಲಗೆ ಅಲುಗಿಸಿದರೆ ತೋಟಾ ನೇತಾಡುತ್ತ ನಿಲ್ಲಬೇಕು. ಜೋರಾಗಿ ಕೊಡವಿದರೆ ಬೀಳಬಹುದು. ಮುಟ್ಟುತ್ತಲೇ ಬಿದ್ದರೆ ಸಡಿಲ. ಹೆಬ್ಬೆರಳಿನಿಂದ ಒತ್ತಿ ತುರುಕಬೇಕಾದರೆ ಬಿಗಿ ಅತಿಯಾಗಿದೆ.

ಅನುಭವಿ ಗನ್‌ಸ್ಮಿತ್‌ಗೆ ಕಡ್ಡಿಯನ್ನು ಬಗ್ಗಿಸಿ, ಕೊಕ್ಕೆಯ ಕೆಳಮೂಲೆಯನ್ನು ಸ್ವಲ್ಪ ದುಂಡಗೆ ಮಾಡಿಕೊಡಲು ಅರ್ಧ ಗಂಟೆ ಸಾಕು. ಒಂದು ಗಂಟೆಯ ಕೂಲಿಗಿಂತ ಹೆಚ್ಚು ಕೇಳಿದರೆ ಬೇರೆ ಕಡೆ ವಿಚಾರಿಸಿ. ಮಾಡಿಸಿದ ಮೇಲೆ ತೋಟಾವನ್ನು ಯಾವಾಗಲೂ ಮ್ಯಾಗಜಿನ್‌ನಿಂದಲೇ ತುಂಬಿ. ಬ್ಯಾರಲ್‌ಗೆ ನೇರ ಹಾಕಿ ಸ್ಲೈಡ್ ಬಿಟ್ಟರೆ ಕೊಕ್ಕೆ ಅಂಚಿನ ಮೇಲೆ ಹತ್ತಿ ಇಳಿಯಬೇಕಾಗುತ್ತದೆ, ಹೊಂದಿಸಿದ ಬಿಗಿ ಮತ್ತೆ ಹಾಳಾಗುತ್ತದೆ.

ಫೀಡ್ ರ‍್ಯಾಂಪ್ (ತೋಟಾ ಬ್ಯಾರಲ್‌ಗೆ ಏರುವ ಇಳಿಜಾರು) ಹೊಳಪು ಮಾಡುವುದು ಎಲ್ಲರೂ ಮೊದಲು ಕೇಳುವ ಕೆಲಸ. ಹೊಳಪಿಗಿಂತ ಮುಖ್ಯವಾದದ್ದು ಫ್ರೇಮ್‌ನ ಇಳಿಜಾರಿಗೂ ಬ್ಯಾರಲ್‌ನ ಅಂಚಿಗೂ ನಡುವೆ ಇರಬೇಕಾದ ಸುಮಾರು 1/32 ಇಂಚು, ಅಂದರೆ 0.8 ಮಿಲಿಮೀಟರ್ ಸಂದು. ಬ್ಯಾರಲ್ ಅಂಚು ಹಿಂದಕ್ಕೆ, ಇಳಿಜಾರಿನ ಮೇಲೆ ಚಾಚಿದ್ದರೆ ಗುಂಡಿನ ಮೂತಿ ಅಲ್ಲೇ ತಗಲುತ್ತದೆ. ಮನೆಯಲ್ಲಿ ಡ್ರೆಮೆಲ್ (ಉಜ್ಜುವ ಸಣ್ಣ ಕೈಯಂತ್ರ) ಹಿಡಿದು ಕೂರಬೇಡಿ. ಇಳಿಜಾರಿನ ಕೋನ ಬದಲಾದರೆ ಫ್ರೇಮ್ ಕೆಟ್ಟಂತೆ. ಬ್ಯಾರಲ್ ಬಾಯಿ ಹೆಚ್ಚು ಸವೆದರೆ ಚಿಪ್ಪಿನ ಬುಡಕ್ಕೆ ಆಸರೆ ತಪ್ಪಿ, ಹಾರಿಸುವಾಗ ಸಿಡಿಯುವ ಅಪಾಯವಿದೆ.

ಟ್ರಿಗರ್

ಅಗ್ಗದ 1911ರ ಟ್ರಿಗರ್ ಸಾಮಾನ್ಯವಾಗಿ 5ರಿಂದ 7 ಪೌಂಡ್ ಎಳೆತ ಕೇಳುತ್ತದೆ, ನಡುವೆ ಮರಳು ಉಜ್ಜಿದಂತೆ ತಡೆಯುವುದೂ ಉಂಟು. ರಕ್ಷಣೆಗೆ ಇಟ್ಟುಕೊಳ್ಳುವವರಿಗೆ 4ರಿಂದ 4.5 ಪೌಂಡ್ ಸಾಕು; ಅದಕ್ಕಿಂತ ಇಳಿಸಿಕೊಡಿ ಎಂದು ಕೇಳುವುದು ಬೇಡ. ಎತ್ತಿದ ಹ್ಯಾಮರ್‌ನ ಎರಡು ಕೊಕ್ಕೆಗಳು ಸಿಯರ್ (ಹ್ಯಾಮರನ್ನು ತಡೆದು ನಿಲ್ಲಿಸುವ ತುಂಡು) ಮೇಲೆ ಕೂರುವ ಎತ್ತರ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. ಇಡೀ ಸುರಕ್ಷತೆ ನಿಂತಿರುವುದು ಆ ಅರ್ಧ ಮಿಲಿಮೀಟರ್ ಮೇಲೆ. ಸಾಣೆಕಲ್ಲು ಒಂದೆರಡು ಸಲ ಹೆಚ್ಚು ಓಡಿದರೆ, ಇಲ್ಲವೇ ಮೇಲ್ಪದರ ಮಾತ್ರ ಗಟ್ಟಿ ಮಾಡಿದ ಭಾಗದ ಪದರ ಸವೆದುಹೋದರೆ, ಸ್ಲೈಡ್ ಮುಚ್ಚಿದ ಕೂಡಲೇ ಹ್ಯಾಮರ್ ತಾನಾಗಿಯೇ ಬೀಳುತ್ತದೆ. ಒಂದು ಎಳೆತಕ್ಕೆ ಎರಡು ಗುಂಡು ಹಾರಿದರೂ ಹಾರಿತು.

ಹಾಗಾಗಿ ಗನ್‌ಸ್ಮಿತ್‌ಗೆ ಕೇಳಬೇಕಾದ ಪ್ರಶ್ನೆ ಒಂದೇ: ಇರುವ ಭಾಗಗಳನ್ನೇ ಉಜ್ಜುತ್ತೀರಾ, ಬದಲಿಸುತ್ತೀರಾ? ಗಟ್ಟಿ ಉಕ್ಕಿನ ಹ್ಯಾಮರ್, ಸಿಯರ್, ಡಿಸ್ಕನೆಕ್ಟರ್ (ಸ್ಲೈಡ್ ಮುಚ್ಚದೆ ಗುಂಡು ಹಾರದಂತೆ ತಡೆಯುವ ತುಂಡು) ಸೆಟ್‌ಗೆ ನೂರು ಡಾಲರ್ ದಾಟುತ್ತದೆ, ಕೂಲಿ ಬೇರೆ. ತಿಂಗಳಿಗೆ ನೂರಿನ್ನೂರು ಗುಂಡು ಹಾರಿಸುವವರಿಗೆ ಇದು ಸಾರ್ಥಕ. ವರ್ಷಕ್ಕೆ ಎರಡು ಸಲ ರೇಂಜ್‌ಗೆ ಹೋಗುವವರು ಆ ದುಡ್ಡನ್ನು ತೋಟಾಗಳಿಗೆ ಹಾಕುವುದು ಲೇಸು.

ಸ್ಲೈಡ್-ಫ್ರೇಮ್ ಬಿಗಿ ಮಾಡುವುದು, ಹೊಸ ಬ್ಯಾರಲ್ ಕೂರಿಸುವುದು ಬೇಡವೇ ಬೇಡ. ಪಿಸ್ತೂಲಿನ ಬೆಲೆಯಷ್ಟೇ ಖರ್ಚು ಬರುತ್ತದೆ, 15 ಗಜದಲ್ಲಿ ವ್ಯತ್ಯಾಸ ಕಾಣುವಷ್ಟು ಕೈ ಹೆಚ್ಚಿನವರಿಗಿಲ್ಲ, ಮಾರುವಾಗ ಒಂದು ಡಾಲರ್ ಹೆಚ್ಚು ಬರುವುದೂ ಇಲ್ಲ. ಹಳೆ ಮಾದರಿಯ ಚಿಕ್ಕ ಸೈಟ್ (ಗುರಿ ನೋಡುವ ಗುರುತು) ಕಣ್ಣಿಗೆ ಹಿಡಿಸದವರು ಸ್ಲೈಡ್ ಕೊರೆಸುವ ಬದಲು, ಕೊಳ್ಳುವಾಗಲೇ ದೊಡ್ಡ ಸೈಟ್ ಇರುವ ಮೇಲಿನ ಮಾದರಿ ಕೊಳ್ಳಲಿ. ಇನ್ನು ಟಾರಸ್ ಜಿ3ಸಿಯಂಥ ಪಾಲಿಮರ್ ಪಿಸ್ತೂಲಿನಲ್ಲಿ ಕೈಯಿಂದ ಹೊಂದಿಸುವ ಭಾಗಗಳೇ ಕಡಿಮೆ. ಕೆಟ್ಟರೆ ಕಂಪನಿಗೆ ಕಳಿಸಿ.

ಕೊಡುವಾಗ, ವಾಪಸ್ ಪಡೆಯುವಾಗ

ವಾರಂಟಿ ಇದ್ದರೆ ಮೊದಲು ಕಂಪನಿಗೆ ಬರೆಯಿರಿ. ಹೊರಗಿನವರು ಕೈಯಿಟ್ಟ ಮೇಲೆ ಆ ದಾರಿ ಮುಚ್ಚಬಹುದು. ಗನ್‌ಸ್ಮಿತ್‌ಗೆ ಫೆಡರಲ್ ಲೈಸೆನ್ಸ್ ಇರಲಿ. ನಿಮ್ಮ ಪಿಸ್ತೂಲನ್ನೇ ನಿಮಗೆ ಮರಳಿಸುವಾಗ ಹೊಸದಾಗಿ 4473 ಫಾರಂ (ಬಂದೂಕು ಕೊಳ್ಳುವಾಗ ತುಂಬುವ ಫೆಡರಲ್ ಅರ್ಜಿ) ತುಂಬಬೇಕಿಲ್ಲ. ಮ್ಯಾಗಜಿನ್‌ಗಳನ್ನೂ ತೊಂದರೆ ಬರೆದ ಹಾಳೆಯನ್ನೂ ಜೊತೆಗೆ ಕೊಡಿ, ಯಾವ ತೋಟಾ ಬಳಸುತ್ತೀರೆಂದು ಹೇಳಿ, ತೆಗೆದ ಹಳೆ ಭಾಗಗಳನ್ನು ಕೇಳಿ ಪಡೆಯಿರಿ. ಭಾರತದಲ್ಲಾದರೆ 1959ರ ಆಯುಧ ಕಾಯಿದೆಯ 5ನೇ ಕಲಮಿನ ಪ್ರಕಾರ ರಿಪೇರಿ ವೃತ್ತಿಗೂ ಲೈಸೆನ್ಸ್ ಬೇಕು; ಊರಿನ ಲೇತ್ ಅಂಗಡಿಗೆ ಒಯ್ಯುವಂತಿಲ್ಲ.

ವಾಪಸ್ ಬಂದ ಕೂಡಲೇ ಮ್ಯಾಗಜಿನ್ ತೆಗೆದು, ಬ್ಯಾರಲ್ ಖಾಲಿ ಇದೆಯೆಂದು ಕಣ್ಣಿಂದಲೂ ಬೆರಳಿಂದಲೂ ಖಚಿತ ಮಾಡಿಕೊಳ್ಳಿ. ಮೂತಿ ಸುರಕ್ಷಿತ ದಿಕ್ಕಿಗಿರಲಿ. ಹ್ಯಾಮರ್ ಎತ್ತಿ, ಹಿಡಿಯ ಹಿಂಬದಿಯ ಗ್ರಿಪ್ ಸೇಫ್ಟಿ ಒತ್ತದೆ ಟ್ರಿಗರ್ ಎಳೆಯಿರಿ, ಬೀಳಬಾರದು. ಗ್ರಿಪ್ ಹಿಡಿದು ಸ್ಲೈಡನ್ನು ಕಾಲು ಇಂಚು ಹಿಂದಕ್ಕೆಳೆದು ಟ್ರಿಗರ್ ಎಳೆಯಿರಿ; ಆಗಲೂ ಬೀಳಬಾರದು. ಆಮೇಲೆ ಹೆಬ್ಬೆರಳ ಸೇಫ್ಟಿ ಹಾಕಿ ಟ್ರಿಗರ್ ಬಲವಾಗಿ ಎಳೆದು ಬಿಡಿ, ಸೇಫ್ಟಿ ತೆಗೆಯಿರಿ, ಹ್ಯಾಮರನ್ನು ಕಿವಿಯ ಹತ್ತಿರ ಹಿಡಿದು ನಿಧಾನಕ್ಕೆ ಹಿಂದೆಳೆಯಿರಿ. ಸಣ್ಣ "ಟಿಕ್" ಕೇಳಿಸಿದರೆ ಸೇಫ್ಟಿ ಇದ್ದಾಗಲೂ ಸಿಯರ್ ಸರಿದಿದೆ ಎಂದರ್ಥ. ಅಲ್ಲಿಂದಲೇ ತಿರುಗಿಸಿ ಕೊಡಿ. ರೇಂಜ್‌ನಲ್ಲಿ ಮೊದಲ ಕೆಲವು ಸಲ ಮ್ಯಾಗಜಿನ್‌ಗೆ ಎರಡೇ ತೋಟಾ ಹಾಕಿ. ಒಂದು ಎಳೆತಕ್ಕೆ ಎರಡೂ ಹಾರಿದರೆ ಪಿಸ್ತೂಲು ಖಾಲಿಯಾಗಿರುತ್ತದೆ. ಮತ್ತೆ ತುಂಬಬೇಡಿ.