ಹಾರರ್ ಆರ್‌ಪಿಜಿ ಟೇಬಲ್ ಮೇಲೆ ವರ್ಕ್ ಆಗಲ್ಲ ಅಂದೋರಿಗೆ – ನನ್ನ ಅನುಭವ

"ಲೈಟ್ ಹಾಕ್ಕೊಂಡು, ಡೈಸ್ ಉರುಳಿಸ್ಕೊಂಡು ಕೂತಾಗ ಯಾರಪ್ಪ ಹೆದರ್ತಾರೆ, ಐದು ನಿಮಿಷಕ್ಕೆ ಒಬ್ಬ ಜೋಕ್ ಹೊಡೀತಾನೆ, ಮುಗೀತು ಕಥೆ." ಆರ್‌ಪಿಜಿ ಅಂದ್ರೆ ಟೇಬಲ್ ಸುತ್ತ ಕೂತು ಒಬ್ಬ ಕಥೆ ನಡೆಸೋದು, ಉಳಿದೋರು ಒಂದೊಂದು ಪಾತ್ರ ಆಡೋದು. ಅದರಲ್ಲಿ ಹಾರರ್ ಅಂದ್ರೆ ಇದು ನಮ್ಮ ಫ್ಯಾಂಟಸಿ ಗ್ಯಾಂಗ್‌ನ ಖಾಯಂ ಡೈಲಾಗ್. ಅದೇ ಗ್ಯಾಂಗಲ್ಲಿ ಅತಿ ಜಾಸ್ತಿ ನಕ್ಕಿದ್ದ ಇಬ್ರು ಈಗ ಮುಂದಿನ ಗೇಮ್ ಯಾವಾಗ ಅಂತ ಪ್ರಾಣ ತಿಂತಿದಾರೆ, ಅದಕ್ಕೇ ಇದನ್ನ ಬರೀತಿರೋದು. ಡಿ100 (ಒಂದರಿಂದ ನೂರರವರೆಗೆ ನಂಬರ್ ಕೊಡೋ ಡೈಸ್) ಓದೋದು, ಪಾತ್ರದ ಶೀಟ್ ತುಂಬೋದು ಇವೆಲ್ಲ ನಿಮಗೆ ಗೊತ್ತಿದೆ ಅಂದ್ಕೊಂಡೇ ಹೋಗ್ತೀನಿ.

ಮೊದಲು ಕಥೆಗಳ ವಿಷ್ಯ, ಯಾಕಂದ್ರೆ ನನ್ನ ಮೆಥಡ್ ಹುಟ್ಟಿದ್ದೇ ಅಲ್ಲಿ. ಎಲ್ರೂ ಅಮೆರಿಕದ ಹಾರರ್ ಲೇಖಕ ಲವ್‌ಕ್ರಾಫ್ಟ್‌ನ ಶುರು ಮಾಡೋಕೆ 'ದ ಕಾಲ್ ಆಫ್ ಕತುಲು' ಓದು ಅಂತಾರೆ, 1928ರಲ್ಲಿ ವಿಯರ್ಡ್ ಟೇಲ್ಸ್ ಪತ್ರಿಕೆಯಲ್ಲಿ ಬಂದಿದ್ದು. ನಾನು ಅದನ್ನ ಎತ್ಕೊಂಡು ಅರ್ಧಕ್ಕೆ ಬಿಟ್ಟು, ಮತ್ತೆ ಎತ್ಕೊಂಡು ಮತ್ತೆ ಬಿಟ್ಟೆ. ವಿಶೇಷಣದ ಮೇಲೆ ವಿಶೇಷಣ, ವಾಕ್ಯ ಮುಗಿಯೋದ್ರೊಳಗೆ ಕರ್ತೃ ಯಾರು ಅಂತಾನೇ ಮರೆತುಹೋಗತ್ತೆ. ನನಗೆ ಹಿಡಿಸಿದ್ದು ಅವನದೇ 1927ರ 'ದ ಕಲರ್ ಔಟ್ ಆಫ್ ಸ್ಪೇಸ್'. ಒಂದು ಹೊಲಕ್ಕೆ ಉಲ್ಕೆ ಬೀಳತ್ತೆ, ಆಮೇಲೆ ಬೆಳೆ ದಪ್ಪ ದಪ್ಪ ಬರತ್ತೆ ಆದ್ರೆ ಬಾಯಿಗೆ ಇಡೋಕಾಗಲ್ಲ, ದನಗಳು ಬೂದಿ ಬಣ್ಣ ತಿರುಗ್ತವೆ, ಮನೆಯವರು ಒಬ್ಬೊಬ್ಬರಾಗಿ ಕೆಡ್ತಾರೆ, ಬಾವಿಯಲ್ಲಿ ಏನೋ ಇದೆ. ಅದು ಏನು ಅನ್ನೋದು ಕೊನೆವರೆಗೂ ಯಾರಿಗೂ ಗೊತ್ತಾಗಲ್ಲ, ಅದಕ್ಕೆ ಇವರ ಮೇಲೆ ದ್ವೇಷಾನೂ ಇಲ್ಲ, ಇವರು ಇದಾರೆ ಅನ್ನೋದೇ ಅದರ ಲೆಕ್ಕಕ್ಕಿಲ್ಲ. ಅಲ್ಲಿಂದ ಇಂಗ್ಲಿಷ್ ಲೇಖಕ ಬ್ಲ್ಯಾಕ್‌ವುಡ್‌ನ 'ದ ವಿಲ್ಲೋಸ್'ಗೆ ಹೋದೆ. ಅದು 1907ರದ್ದು, ಅಂದ್ರೆ ಇದಕ್ಕಿಂತ ಇಪ್ಪತ್ತು ವರ್ಷ ಹಿಂದಿಂದು, ಡ್ಯಾನ್ಯೂಬ್ ನದಿ ಮಧ್ಯೆ ದ್ವೀಪದಲ್ಲಿ ಇಬ್ರು ಸಿಕ್ಕಾಕ್ಕೊಳ್ತಾರೆ, ಸುತ್ತ ಬರೀ ಗಿಡ, ಅಷ್ಟೇ. ಅದನ್ನ ಓದಿದ ರಾತ್ರಿ ಸರಿಯಾಗಿ ನಿದ್ದೆ ಬರ್ಲಿಲ್ಲ ಅಂತ ಒಪ್ಕೊಳ್ಳೋಕೆ ನನಗೇನೂ ನಾಚಿಕೆ ಇಲ್ಲ. ಲವ್‌ಕ್ರಾಫ್ಟ್‌ನ ಜನಾಂಗ ದ್ವೇಷ ಹಲವು ಕಥೆಗಳಲ್ಲಿ ಕಣ್ಣಿಗೆ ಹೊಡೆಯೋ ಹಾಗಿದೆ, ಅದನ್ನ ನಾನು ಆಟಕ್ಕೆ ತರೋದೇ ಇಲ್ಲ, ತರದಿದ್ರೆ ಭಯ ಒಂದು ಗುಲಗಂಜಿ ತೂಕಾನೂ ಕಮ್ಮಿ ಆಗಲ್ಲ.

ಸರಿ, ಆಟ. ಕೇಯಾಸಿಯಂ ಕಂಪನಿಯವರ ಕಾಲ್ ಆಫ್ ಕತುಲು, ಆ ಕಥೆ ಹೆಸರಿನದೇ ಆರ್‌ಪಿಜಿ, 1981ರಲ್ಲಿ ಸ್ಯಾಂಡಿ ಪೀಟರ್ಸನ್ ಮಾಡಿದ್ದು, ಈಗ ಏಳನೇ ಎಡಿಷನ್ ನಡೀತಿದೆ. ನಾನು ಜೋಶಲ್ಲಿ ಎರಡು ದಪ್ಪ ಹಾರ್ಡ್‌ಕವರ್, ಸ್ಪೆಷಲ್ ಡೈಸ್ ಸೆಟ್, ಕೀಪರ್ (ಕಥೆ ನಡೆಸೋನು) ಮುಂದೆ ಇಟ್ಕೊಳ್ಳೋ ಸ್ಕ್ರೀನ್ ಎಲ್ಲ ಒಟ್ಟಿಗೆ ತರಿಸ್ಕೊಂಡೆ, ಆ ದುಡ್ಡಲ್ಲಿ ಸುಮಾರು ಒಂದು ವರ್ಷ ಓದೋಷ್ಟು ಪುಸ್ತಕ ಬರ್ತಿತ್ತು. ಅದರಲ್ಲಿ ಸ್ಕ್ರೀನ್ ಈಗ ಅಟ್ಟದ ಮೇಲಿದೆ. ಫ್ರೀ ಕ್ವಿಕ್‌ಸ್ಟಾರ್ಟ್ (ಚುಟುಕು ರೂಲ್ಸ್) ಪಿಡಿಎಫ್ ಇದೆ, 'ದ ಹಾಂಟಿಂಗ್' ಅನ್ನೋ ಸಿನಾರಿಯೊ (ಆಡೋಕೆ ರೆಡಿ ಇರೋ ಕಥೆ) ಅದರ ಜೊತೆಗೇ ಬರತ್ತೆ, ಶುರುವಿಗೆ ಬೇರೇನೂ ಬೇಡ.

ಮೊದಲನೇ ಗೇಮ್ ಪೂರ್ತಿ ಫ್ಲಾಪ್. ಐದು ಜನ ಪ್ಲೇಯರ್ಸ್, ಕ್ಯಾರೆಕ್ಟರ್ ಮಾಡೋಕೇ ಒಂದೂವರೆ ಗಂಟೆ, ಕಥೆಯಲ್ಲಿ ಮನೆ ಒಳಗೆ ಹೋದ್ಮೇಲೆ ಎಲ್ರೂ ಬಂದೂಕು ಹುಡುಕ್ತಾ ಕೂತ್ರು. ಎರಡನೇ ಸಲ ಕಥೆ ಮುಂದೆ ಹೋಗೋಕೆ ಬೇಕಾಗಿದ್ದ ಡೈರಿ ಯಾರಿಗೂ ಸಿಗ್ಲೇ ಇಲ್ಲ. ಬಚ್ಚಿಟ್ಟಿದ್ದನ್ನ ಹುಡುಕೋ ಸ್ಕಿಲ್ 'ಸ್ಪಾಟ್ ಹಿಡನ್' ಬೇಸ್ ಬರೀ 25, ಡೈಸ್‌ನಲ್ಲಿ ಅಷ್ಟು ಅಥವಾ ಕಮ್ಮಿ ಬಂದ್ರೆ ಮಾತ್ರ ಪಾಸ್, ಪಾಯಿಂಟ್ ಹಾಕಿ ಐವತ್ತು ಮಾಡ್ಕೊಂಡ್ರೂ ಅರ್ಧ ಸಲ ಫೇಲ್. ಆ ಸಲ ಆಡಿದ ನಾಲ್ಕೂ ಜನ ಫೇಲ್ ಆದ್ರು, ಆಟ ಅಲ್ಲೇ ನಿಂತ್ಹೋಯ್ತು. ಇನ್ನೊಂದು ಸಲ ಜಂಭಕ್ಕೆ ದೊಡ್ಡ ದೇವರನ್ನೇ ಇಳಿಸಿದೆ, ಕತುಲು ನೋಡಿದ್ರೆ ಸ್ಯಾನಿಟಿ (ಪಾತ್ರದ ತಲೆ ನೆಟ್ಟಗಿರೋದರ ಪಾಯಿಂಟ್) ಲಾಸ್ 1ಡಿ10/1ಡಿ100, ಅಂದ್ರೆ ರೋಲ್ ಪಾಸ್ ಆದ್ರೆ ಹತ್ತರವರೆಗೆ, ಫೇಲ್ ಆದ್ರೆ ನೂರರವರೆಗೆ ಹೋಗತ್ತೆ. ಒಬ್ಬನಿಗೆ ಎಂಬತ್ತು ಚಿಲ್ಲರೆ ಬಂತು, ಇಡೀ ಟೇಬಲ್ ಚಪ್ಪಾಳೆ ಹೊಡೀತು. ನಂಬರ್ ದೊಡ್ಡದಾದಷ್ಟೂ ಭಯ ಹೋಗಿ ಕ್ರಿಕೆಟ್ ಸ್ಕೋರ್ ಆಗತ್ತೆ ಅಂತ ಅವತ್ತೇ ಗೊತ್ತಾಯ್ತು.

ಆವಾಗ ನಾನು ವಾಪಸ್ ಆ ಬಾವಿ ಕಥೆಗೆ ಹೋದೆ. ಅಲ್ಲಿ ಓದುಗನಿಗೆ ಕಾಣೋದು ಬರೀ ಹಾನಿ, ಹಾನಿ ಮಾಡಿದ್ದು ಕಾಣಲ್ಲ. ಅದನ್ನೇ ಟೇಬಲ್‌ಗೆ ಇಳಿಸೋಣ ಅಂತ ನನ್ನದೇ ಒಂದು ಸಿನಾರಿಯೊ ಬರೆದೆ. ಊರಿಂದ ದೂರದ ಒಂದು ಹವಾಮಾನ ಕೇಂದ್ರ, ಅಲ್ಲಿದ್ದ ಸಿಬ್ಬಂದಿ ರಿಪೋರ್ಟ್ ಕಳಿಸೋದು ನಿಂತಿದೆ, ಇವರು ಹೋಗಿ ನೋಡ್ಬೇಕು. ರಿಜಿಸ್ಟರ್‌ನಲ್ಲಿ ದಿನದಿನದ ರೀಡಿಂಗ್ ನೀಟಾಗಿದೆ, ಆದ್ರೆ ಮುಂದಿನ ತಿಂಗಳ ತಾರೀಖಿಂದೂ ಬರೆದಿಟ್ಟಿದೆ. ಮಾನ್‌ಸ್ಟರ್ ಇಲ್ಲ. ಸ್ಟ್ಯಾಟ್ ಬ್ಲಾಕ್ (ಮಾನ್‌ಸ್ಟರ್‌ನ ಶಕ್ತಿಯ ಅಂಕಿಗಳು) ಬರೆಯೋಕೇ ಹೋಗ್ಲಿಲ್ಲ ನಾನು, ಬರೆದಿಟ್ರೆ ಎಲ್ಲಾದ್ರೂ ಯೂಸ್ ಮಾಡೋಣ ಅನ್ಸತ್ತೆ.

ಎರಡನೇ ಬದಲಾವಣೆ ಕ್ಲೂಗಳದ್ದು. ಟ್ರೇಲ್ ಆಫ್ ಕತುಲು ಅಂತ 2008ರ ಇನ್ನೊಂದು ಗೇಮ್ ಇದೆ, ಕೆನೆತ್ ಹೈಟ್‌ದು, ಅದರಲ್ಲಿ ಮುಖ್ಯ ಕ್ಲೂಗೆ ರೋಲೇ ಇಲ್ಲ, ಸರಿಯಾದ ಜಾಗದಲ್ಲಿ ಸರಿಯಾದ ಸ್ಕಿಲ್ ಇರೋನು ಹುಡುಕಿದ್ರೆ ಸಿಕ್ಕೇ ಸಿಗತ್ತೆ. ನಾನು ಆ ಸಿಸ್ಟಮ್ ಆಡಲ್ಲ, ಆ ಒಂದು ಐಡಿಯಾ ಮಾತ್ರ ಎತ್ಕೊಂಡು ಬಂದೆ. ಕ್ಲೂ ಫ್ರೀ, ರೋಲ್ ಇರೋದು ಆ ಕ್ಲೂಗೆ ನೀವೇನು ಬೆಲೆ ಕೊಡ್ತೀರಿ ಅನ್ನೋದಕ್ಕೆ. ರಿಜಿಸ್ಟರ್ ಸಿಗತ್ತೆ, ಆದ್ರೆ ಫೇಲ್ ಆದ್ರೆ ಅದನ್ನ ಓದ್ತಾ ಓದ್ತಾ ಮೂರು ಗಂಟೆ ಹೋಗಿದೆ, ಹೊರಗೆ ಕತ್ತಲಾಗಿದೆ, ನಿಮ್ಮ ಜೊತೆಗಾರ ಎಲ್ಲಿ ಅಂತ ಗೊತ್ತಿಲ್ಲ. ಪುಶ್ ರೋಲ್, ಅಂದ್ರೆ ಫೇಲ್ ಆದ್ಮೇಲೆ ರಿಸ್ಕ್ ತಗೊಂಡು ಮತ್ತೆ ಉರುಳಿಸೋದು, ಇಲ್ಲಿ ಬಂಗಾರ. ಮತ್ತೆ ಉರುಳಿಸ್ತೀಯಾ, ಫೇಲ್ ಆದ್ರೆ ಏನಾಗತ್ತೆ ಅಂತ ನಾನು ಹೇಳಲ್ಲ ಅಂತ ಸುಮ್ನೆ ಮುಖ ನೋಡ್ತೀನಿ. ರೂಲ್ ಬುಕ್‌ನಲ್ಲಿ ಪರಿಣಾಮ ಮೊದಲೇ ಸುಳಿವು ಕೊಡು ಅಂತ ಇದ್ರೂ ಇಲ್ಲಿ ನಾನು ಪುಸ್ತಕ ಕೇಳಲ್ಲ.

ಸ್ಯಾನಿಟಿ ಲಾಸ್ ಸಣ್ಣ ಸಣ್ಣದು, ಒಂದು, ಎರಡು. ಶುರುವಿನ ಸ್ಯಾನಿಟಿ ಪಾತ್ರದ 'ಪವರ್' ಅನ್ನೋ ಅಂಕದಷ್ಟೇ, ಸಾಮಾನ್ಯವಾಗಿ ಐವತ್ತರ ಆಸುಪಾಸು, ಅದರಲ್ಲಿ ಒಂದೊಂದೇ ಹೋಗ್ತಾ ಇದ್ರೆ ಆಟಗಾರ ತಾನೇ ಲೆಕ್ಕ ಹಾಕೋಕೆ ಶುರು ಮಾಡ್ತಾನೆ. ಒಂದೇ ಏಟಿಗೆ ಐದು ಹೋಗೋದು ಇಡೀ ಗೇಮ್‌ಗೆ ಒಂದೇ ಸಲ, ಅದೂ ಮುಕ್ಕಾಲು ಆಟ ಆದ್ಮೇಲೆ. ಆವಾಗ ಇಂಟೆಲಿಜೆನ್ಸ್ ರೋಲ್ ಪಾಸ್ ಆದೋನಿಗೇ ತಲೆ ಕೆಡೋದು, ಅರ್ಥ ಆದೋನಿಗೇ ಹುಚ್ಚು ಹಿಡಿಯೋದು. ಇಡೀ ಸಿಸ್ಟಮ್‌ನಲ್ಲಿ ನನಗೆ ಅತಿ ಇಷ್ಟದ ರೂಲ್ ಅದು.

ಪ್ಲೇಯರ್ಸ್ ಮೂರೇ, ಕ್ಯಾರೆಕ್ಟರ್ ನಾನೇ ಮಾಡಿ ಕೊಡ್ತೀನಿ, ಸುಮಾರು ಮೂರು ಗಂಟೆಗೆ ಮುಗಿಸ್ತೀನಿ. ಮೊದಲ ಒಂದು ಗಂಟೆ ಜೋಕ್ ಹೊಡೀಲಿ ಬಿಡಿ, ನಾನೂ ನಗ್ತೀನಿ. ತಡೆಯೋಕೆ ಹೋದ್ರೆ ಜಾಸ್ತಿ ಆಗತ್ತೆ. ವರ್ಣನೆ ಆಡುಮಾತಲ್ಲೇ ಇರ್ಲಿ, ಬರೆದಿಟ್ಟಿದ್ದನ್ನ ನೋಡ್ಕೊಂಡು ಓದಿದ್ರೆ ವಾರ್ತೆ ಓದಿದಂಗಿರತ್ತೆ. ಇನ್ನೊಂದು, ಆಟಕ್ಕೆ ಮುಂಚೆ ಪ್ರತಿಯೊಬ್ಬನ ಹತ್ರಾನೂ ಅವನ ಕೈಬರಹದಲ್ಲಿ ಒಂದು ಸಾಲು ಬರೆಸ್ಕೊಳ್ತೀನಿ, "ಕ್ಯಾರೆಕ್ಟರ್ ನೋಟ್ಸ್‌ಗೆ" ಅಂತ ಹೇಳಿ. ಅದನ್ನ ಆಮೇಲೆ ಏನು ಮಾಡ್ತೀನಿ ಅನ್ನೋದು ಇಲ್ಲಿ ಬರೆಯಲ್ಲ, ನಮ್ಮ ಗ್ಯಾಂಗ್‌ನೋರೂ ಓದ್ತಾರೆ. ರಿಜಿಸ್ಟರ್ ಅಂದಿದ್ದೆನಲ್ಲ, ಅಷ್ಟು ಸಾಕು. ಯಾವ್ಯಾವ ವಿಷ್ಯ ಬೇಡ ಅಂತ ಮುಂಚೆನೇ ಕೇಳೋದು ಮಾತ್ರ ಮರೀಬೇಡಿ, ಅದರಲ್ಲಿ ತಮಾಷೆ ಇಲ್ಲ.

ಮಧ್ಯೆ ಬೇರೆ ಪ್ರಯೋಗಾನೂ ಆಯ್ತು. ಡ್ರೆಡ್ ಅನ್ನೋ ಗೇಮ್‌ನಲ್ಲಿ ಡೈಸ್ ಬದಲು ಜೆಂಗಾ ಟವರ್ (ಮರದ ತುಂಡುಗಳ ಗೋಪುರ, ಒಂದೊಂದೇ ತುಂಡು ಎಳೀಬೇಕು), ಬಿದ್ರೆ ನಿನ್ನ ಪಾತ್ರ ಔಟ್. ಕೈ ನಡುಗೋದು ನಿಜ, ಆದ್ರೆ ನಮ್ಮಲ್ಲೊಬ್ಬ ಟವರ್ ಎಕ್ಸ್‌ಪರ್ಟ್, ಎರಡೂವರೆ ಗಂಟೆ ಆದ್ರೂ ಬೀಳಿಸ್ಲೇ ಇಲ್ಲ. ಟೆನ್ ಕ್ಯಾಂಡಲ್ಸ್‌ನಲ್ಲಿ ಕತ್ತಲೆ ರೂಮಲ್ಲಿ ಹತ್ತು ಮೇಣದಬತ್ತಿ, ಕೊನೇದು ಆರೋ ಹೊತ್ತಿಗೆ ಎಲ್ರೂ ಸಾಯೋದು ಗ್ಯಾರಂಟಿ ಅಂತ ಮೊದಲೇ ಗೊತ್ತು. ತುಂಬಾ ಚೆನ್ನಾಗಿದೆ, ಆದ್ರೆ ಫ್ಯಾನ್ ಹಾಕಂಗಿಲ್ಲ, ಸೆಕೆಗೆ ಯಾರೂ ಎರಡನೇ ಸಲ ಬರ್ಲಿಲ್ಲ. ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಹಳೇ ಕಾಗದ ಮಾಡೋದು ಫಸ್ಟ್ ಕ್ಲಾಸ್, ಖರ್ಚೇ ಇಲ್ಲ, ಬಾಲ್‌ಪೆನ್‌ನಲ್ಲೇ ಬರೀರಿ, ಇಂಕ್ ಪೆನ್ ಆದ್ರೆ ಹರಡಿಹೋಗತ್ತೆ. ವೀಡಿಯೊ ಕಾಲ್‌ನಲ್ಲಿ ಆಡಿಸಿದ್ದು ಮಾತ್ರ ನನಗೆ ಇನ್ನೂ ಕೈಗೆ ಹತ್ತಿಲ್ಲ.

ಹವಾಮಾನ ಕೇಂದ್ರ ಈಗ ಮೂರ್ನಾಲ್ಕು ಬೇರೆ ಬೇರೆ ಗುಂಪಿಗೆ ಆಡಿಸಿದೀನಿ, ಒಂದರಲ್ಲಿ ಬಿಟ್ಟು ಎಲ್ಲದರಲ್ಲೂ ಕೊನೇ ಅರ್ಧ ಗಂಟೆ ಯಾರೂ ಫೋನ್ ಮುಟ್ಟಿಲ್ಲ. ಅದೊಂದರಲ್ಲಿ ಒಬ್ಬ ಮೊದಲೇ ಯಾರ ಹತ್ರಾನೋ ಕೈಬರಹದ ವಿಷ್ಯ ಕೇಳ್ಕೊಂಡು ಬಂದಿದ್ದ. ಈಗ ಎಲ್ರೂ 'ಮಾಸ್ಕ್ಸ್ ಆಫ್ ನ್ಯಾರ್ಲಾಥೊಟೆಪ್' ಬೇಕು ಅಂತ ಹಠ ಹಿಡಿದಿದಾರೆ, 1984ರ ದೊಡ್ಡ ಕ್ಯಾಂಪೇನ್ (ಹಲವು ಗೇಮ್‌ವರೆಗೆ ಮುಂದುವರಿಯೋ ಕಥೆ), ನ್ಯೂಯಾರ್ಕ್, ಲಂಡನ್, ಕೈರೋ, ಕೀನ್ಯಾ, ಶಾಂಘೈ ಅಂತ ಪ್ರಪಂಚ ಸುತ್ತಬೇಕು. ನನಗೆ ಅಷ್ಟು ಇಷ್ಟ ಇಲ್ಲ, ತಿಂಗಳುಗಟ್ಟಲೆ ಆಡಿದ್ರೆ ಭಯ ಹೋಗಿ ಅಡ್ವೆಂಚರ್ ಆಗಿಬಿಡತ್ತೆ, ಮತ್ತೆ ಬಂದೂಕು ಹುಡುಕ್ತಾರೆ. ಅದರ ಬದಲು ಅದೇ ಹವಾಮಾನ ಇಲಾಖೆಯ ಇನ್ನೊಂದು ಕೇಂದ್ರ, ಬೇರೆ ಪಾತ್ರಗಳು, ಅದೇ ರಿಜಿಸ್ಟರ್‌ನ ಮುಂದಿನ ಪುಟ ಅಂತ ಬರೀತಿದೀನಿ. ಅರ್ಧ ಆಗಿದೆ, ಆಡಿಸಿದ್ಮೇಲೆ ಹೇಳ್ತೀನಿ.