ಕಿಡ್ ಓರಿ ಟ್ರೊಂಬೋನ್ ಕೇಳೋದು ಹೇಗೆ, ಎಲ್ಲಿಂದ ಶುರು ಮಾಡೋದು

ಹಳೇ ಜಾಝ್ ಹಾಕಿದ್ರೆ ಎಲ್ರೂ ಒಟ್ಟಿಗೆ ಊದ್ತಾರೆ, ಒಂದೂ ಗೊತ್ತಾಗಲ್ಲ ಅನ್ನೋರಿದ್ರೆ ಕಾರ್ನೆಟ್ (ಟ್ರಂಪೆಟ್ ಥರದ ಚಿಕ್ಕ ಊದುವಾದ್ಯ) ಬಿಟ್ಟು ಕೆಳಗಿನ ಸ್ವರದ ಟ್ರೊಂಬೋನ್ (ಉದ್ದ ಕೊಳವೆ ಹಿಂದೆ ಮುಂದೆ ಎಳೆದು ಸ್ವರ ಬದಲಿಸೋ ಊದುವಾದ್ಯ) ಹಿಡ್ಕೊಳ್ಳಿ, ಅದ್ರಲ್ಲೂ ಎಡ್ವರ್ಡ್ 'ಕಿಡ್' ಓರಿ ಅವರದ್ದು. ಹೆಡ್‌ಫೋನ್ ಬೇಕೇ ಬೇಕು, ಫೋನ್ ಸ್ಪೀಕರ್‌ನಲ್ಲಿ ಆ ದಪ್ಪ ಸ್ವರ ಅರ್ಧ ಮಾಯ.

ಮೊದಲು ಸ್ವಲ್ಪ ಹಿನ್ನೆಲೆ. 1886ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಲಾಪ್ಲಾಸ್ ಹತ್ರ ಕಬ್ಬಿನ ತೋಟದಲ್ಲಿ ಹುಟ್ಟಿದೋರು, ಆಮೇಲೆ ನ್ಯೂ ಆರ್ಲಿಯನ್ಸ್‌ಗೆ ಬಂದು ಬ್ಯಾಂಡ್ ಕಟ್ಟಿದ್ರು, ಅವರ ಕಾರ್ನೆಟ್ ವಾದಕ ಕಿಂಗ್ ಆಲಿವರ್ ಶಿಕಾಗೋಗೆ ಹೋದಾಗ ಆ ಜಾಗಕ್ಕೆ ಇನ್ನೂ ಹುಡುಗನಾಗಿದ್ದ ಲೂಯಿ ಆರ್ಮ್‌ಸ್ಟ್ರಾಂಗ್‌ನ ಸೇರಿಸ್ಕೊಂಡ್ರು. ಆ ಊರಲ್ಲಿ ಬ್ಯಾಂಡ್‌ಗಳು ಪ್ರಚಾರಕ್ಕೆ ಗಾಡಿ ಹತ್ತಿ ಸುತ್ತುತ್ತಿದ್ವು, ಸ್ಲೈಡ್ (ಆ ಎಳೆಯೋ ಕೊಳವೆ) ಎಳೆಯೋಕೆ ಜಾಗ ಬೇಕಲ್ಲ, ಅದಕ್ಕೆ ಟ್ರೊಂಬೋನ್‌ನವರು ಗಾಡಿಯ ಹಿಂದಿನ ತುದಿಗೆ ಕೂರ್ತಿದ್ರು. ಗಾಡಿಯ ಆ ಹಿಂಬದಿಗೆ ಇಂಗ್ಲಿಷ್‌ನಲ್ಲಿ ಟೇಲ್‌ಗೇಟ್ ಅಂತಾರೆ, ಹೀಗೆ ಸ್ವರಗಳನ್ನ ಜಾರಿಸ್ತಾ ಊದೋ ರೀತಿಗೆ ಟೇಲ್‌ಗೇಟ್ ಶೈಲಿ ಅಂತ ಹೆಸರು ಬಂದಿದ್ದು ಅದರಿಂದಲೇ.

ಈಗ 'ಓರೀಸ್ ಕ್ರಿಯೋಲ್ ಟ್ರೊಂಬೋನ್' ಹಾಕಿ, 1922ರದ್ದು. ಓರಿ 1919ರಲ್ಲೇ ಕ್ಯಾಲಿಫೋರ್ನಿಯಾಗೆ ಹೋಗಿದ್ರು, ಅಲ್ಲೇ ರೆಕಾರ್ಡ್ ಆಗಿದ್ದು, ನ್ಯೂ ಆರ್ಲಿಯನ್ಸ್‌ನ ಕಪ್ಪು ಜಾಝ್ ಬ್ಯಾಂಡ್‌ಗಳ ಮೊದಮೊದಲ ರೆಕಾರ್ಡ್‌ಗಳಲ್ಲಿ ಇದೂ ಒಂದು. ಗರಗರ ಸದ್ದಿಗೆ ಬೇಜಾರಾಗ್ಬೇಡಿ. ಮಧ್ಯೆ ಮಧ್ಯೆ ಉಳಿದೋರೆಲ್ಲಾ ಗಪ್‌ಚುಪ್, ಟ್ರೊಂಬೋನ್ ಮಾತ್ರ ಸ್ವರದಿಂದ ಸ್ವರಕ್ಕೆ ಜಾರ್ಕೊಂಡು ಹೋಗುತ್ತೆ, ತಕ್ಷಣ ಬ್ಯಾಂಡ್ ವಾಪಸ್ ಬೀಳುತ್ತೆ. ಆ ಜಾಗ ಎರಡು ಮೂರು ಸಲ ಹಿಂದಕ್ಕೆ ಹಾಕಿ ಕೇಳಿ, ಕಿವಿ ತಾನಾಗೇ ಪಳಗುತ್ತೆ.

ಆಮೇಲೆ ಅದೇ ಟ್ಯೂನ್‌ನ 1927ರ ರೆಕಾರ್ಡ್, ಆರ್ಮ್‌ಸ್ಟ್ರಾಂಗ್‌ನ ಹಾಟ್ ಫೈವ್ ಅನ್ನೋ ತಂಡದ ಜೊತೆ. ಈ ತಂಡದಲ್ಲಿ ಬೇಸೂ (ತಳದ ಸ್ವರ ಹಿಡಿಯೋ ವಾದ್ಯ) ಇಲ್ಲ ಡ್ರಮ್ಸೂ ಇಲ್ಲ, ಮೇಲೆ ಕಾರ್ನೆಟ್, ಅದರ ಸುತ್ತ ಕ್ಲಾರಿನೆಟ್ ಓಡಾಡ್ತಾ ಇದ್ರೆ ತಳ ಹಿಡಿದು ನಿಲ್ಸೋ ಕೆಲಸದಲ್ಲಿ ದೊಡ್ಡ ಪಾಲು ಓರಿದು. ಕಾರ್ನೆಟ್ ಉಸಿರು ತಗೊಳ್ಳೋ ಸಂದಿ ನೋಡಿ, ಸರಿಯಾಗಿ ಅಲ್ಲೇ ಟ್ರೊಂಬೋನ್ ನುಗ್ಗುತ್ತೆ. ಅಬ್ಬರದ ಸೋಲೋಗಿಂತ ಈ ನುಗ್ಗೋದೇ ನಂಗೆ ಅವರ ದೊಡ್ಡ ವಿದ್ಯೆ ಅನ್ಸೋದು. ಅವರದ್ದೇ 'ಮಸ್ಕ್ರಟ್ ರ್‍ಯಾಂಬಲ್' (1926) ಕೂಡ ಹೀಗೇ ಕೇಳಿ.

ಕೊನೇಗೆ ಓರಿಯ 1940ರ ದಶಕದ ರೆಕಾರ್ಡ್‌ಗಳು. 30ರ ದಶಕದಲ್ಲಿ ಆರ್ಥಿಕ ಕುಸಿತಕ್ಕೆ ಸಂಗೀತ ಬಿಟ್ಟು ಕೋಳಿ ಸಾಕಿದ್ರು, 1944ರಲ್ಲಿ ಸಿನಿಮಾ ನಿರ್ದೇಶಕ, ನಟ ಆರ್ಸನ್ ವೆಲ್ಸ್ ಅವರ ರೇಡಿಯೋ ಕಾರ್ಯಕ್ರಮದಿಂದ ಜನ ಮತ್ತೆ ಹುಡ್ಕೊಂಡು ಬಂದ್ರು. ಆಗಿನ ರೆಕಾರ್ಡ್‌ಗಳಲ್ಲಿ ಬೇಸ್, ಡ್ರಮ್ಸ್ ಸ್ಪಷ್ಟವಾಗಿ ಕೇಳುತ್ತೆ, ಹಾಟ್ ಫೈವ್ ಪಕ್ಕ ಇಟ್ಟು ಅವರು ಎಲ್ಲಿ ಸ್ವರ ಬಿಡ್ತಾರೆ, ಎಲ್ಲಿ ತುಂಬ್ತಾರೆ ಅಂತ ಹೋಲಿಸಿ.