ಕೋಶದ ಆಕಾರವೋ, ಬ್ಲೇಡಿನ ಆಕಾರವೋ

ಹೊಸ ಬಗೆಯ ನರಕೋಶವೊಂದನ್ನು ಕಂಡುಹಿಡಿದಿದ್ದೇನೆ ಎಂಬ ಭ್ರಮೆಯಲ್ಲಿ ನಾನು ಮೂರು ದಿನ ಓಡಾಡಿದ್ದೆ. ಬಿಳಿ ಇಲಿಯ ಕಿರುಮಿದುಳಿನ ಸೀಳುಗಳಲ್ಲಿ ಅದು ಮತ್ತೆ ಮತ್ತೆ ಕಾಣಿಸುತ್ತಿತ್ತು. ಕೆಳಗೆ ದುಂಡನೆಯ ಕೋಶಕಾಯ, ಅದರ ಮೇಲೆ ಕಾಂಪೌಂಡಿನ ಪಕ್ಕ ನೆಡುವ ಅಶೋಕ ಮರದ ಹಾಗೆ ಕಿರಿದಾಗಿ, ನೆಟ್ಟಗೆ ಎದ್ದು ನಿಂತ ಕೊಂಬೆಗಳು. ಹನ್ನೆರಡು ಕೋಶಗಳನ್ನು ಬಿಡಿಸಿ, ಪುಟದ ಮೂಲೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮಾರ್ಗದರ್ಶಕರ ಮುಂದಿಟ್ಟೆ. ಅವರು ಚಿತ್ರದ ಕಡೆ ಸರಿಯಾಗಿ ನೋಡಲೂ ಇಲ್ಲ. "ಮಿದುಳನ್ನು ಯಾವ ದಿಕ್ಕಿಗೆ ಕತ್ತರಿಸಿದೆ?" ಎಂದಷ್ಟೇ ಕೇಳಿದರು.

ಒಂದು ಕಿವಿಯಿಂದ ಇನ್ನೊಂದು ಕಿವಿಯ ಕಡೆಗೆ, ಅಡ್ಡಡ್ಡಲಾಗಿ ಕತ್ತರಿಸಿದ್ದೆ. ಇನ್ನೊಂದು ಮಿದುಳನ್ನು ಮೂಗಿನಿಂದ ಬಾಲದ ದಿಕ್ಕಿಗೆ ಉದ್ದುದ್ದ ಸೀಳಿದಾಗ ಅಶೋಕ ಮರಗಳಿದ್ದ ಜಾಗದಲ್ಲೆಲ್ಲ ಬೀಸಣಿಗೆಗಳು ಬಿಚ್ಚಿಕೊಂಡಿದ್ದವು. ಯಾವ ಪಠ್ಯಪುಸ್ತಕ ತೆರೆದರೂ ಕಾಣುವ ಪರ್ಕಿಂಜೆ ಕೋಶ! ಸುಮಾರು 200 ಮೈಕ್ರೋಮೀಟರ್ ಅಗಲಕ್ಕೆ ಹರಡಿದರೂ ಅದರ ದಪ್ಪ 20-30ರ ಆಸುಪಾಸು. ನಾನು ಮೂರು ದಿನ ಬಿಡಿಸಿದ್ದು ಬೀಸಣಿಗೆಯ ಅಂಚನ್ನು. ಕಿರುಮಿದುಳಿನ ಸಮಾಂತರ ತಂತುಗಳು ಅಡ್ಡಲಾಗಿ ಹರಿಯುತ್ತವೆ, ಬೀಸಣಿಗೆ ಅವುಗಳಿಗೆ ಲಂಬವಾಗಿ ಎದೆಯೊಡ್ಡಿ ನಿಲ್ಲುತ್ತದೆ. ಒಂದೊಂದು ಬೀಸಣಿಗೆಯೂ ಲಕ್ಷಕ್ಕೂ ಮಿಕ್ಕಿದ ತಂತುಗಳಿಂದ ಸಂದೇಶ ಪಡೆಯುವುದು ಈ ಚಪ್ಪಟೆತನದಿಂದಲೇ. ಜೀವರಸಾಯನ ಓದಿ ಬಂದವಳು ನಾನು. ಕೊಳವೆಯಲ್ಲಿ ಕಲಕಿದ ದ್ರಾವಣಕ್ಕೆ ಎಡ ಬಲ ಎಂಬುದಿಲ್ಲ. ಮಿದುಳಿಗೆ ಇದೆ ಎಂದು ಕಲಿತದ್ದು ಹೀಗೆ.

ನಾನು ಬಳಸಿದ್ದು ಗಾಲ್ಜಿ-ಕಾಕ್ಸ್ ವಿಧಾನ. ಇಟಲಿಯ ಕಮಿಲೋ ಗಾಲ್ಜಿ 1873ರಲ್ಲಿ ಪ್ರಕಟಿಸಿದ ಕಪ್ಪು ಬಣ್ಣದ ಕ್ರಿಯೆಗೆ ಬೆಳ್ಳಿಯ ಬದಲು ಪಾದರಸವನ್ನು ತಂದ ರೂಪಾಂತರ ಇದು. ಇದರ ಸೊಗಸಿರುವುದು ಇದರ ಜಿಪುಣತನದಲ್ಲಿ. ಬಿಳಿ ಇಲಿಯ ಎರಡು ಗ್ರಾಮಿನ ಮಿದುಳಿನಲ್ಲಿ ಸುಮಾರು 20 ಕೋಟಿ ನರಕೋಶಗಳಿವೆ. ಎಲ್ಲಕ್ಕೂ ಬಣ್ಣ ಹಿಡಿದರೆ ಕಾಣುವುದು ಮಸಿಯ ಮುದ್ದೆ. ಈ ದ್ರಾವಣ ನೂರಕ್ಕೆ ಒಂದೆರಡು ಕೋಶಗಳನ್ನು ಮಾತ್ರ ಆರಿಸಿಕೊಂಡು, ಅವುಗಳನ್ನು ಬೇರಿನಿಂದ ಚಿಗುರಿನ ತನಕ ಕಪ್ಪಾಗಿಸುತ್ತದೆ. ಅವೇ ಏಕೆ, ಪಕ್ಕದವು ಏಕಲ್ಲ ಎಂಬ ಗುಟ್ಟನ್ನು 150 ವರ್ಷ ಕಳೆದರೂ ಅದು ಪೂರ್ತಿ ಬಿಟ್ಟುಕೊಟ್ಟಿಲ್ಲ.

ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ ಮಾಡಿದ ಮೊದಲ ಸುತ್ತಿನ ಸೀಳುಗಳು ಪೂರ್ತಿ ಹಾಳಾದವು. ಮರ್ಕ್ಯುರಿಕ್ ಕ್ಲೋರೈಡ್, ಪೊಟ್ಯಾಶಿಯಂ ಡೈಕ್ರೋಮೇಟ್, ಪೊಟ್ಯಾಶಿಯಂ ಕ್ರೋಮೇಟ್ ಮೂರನ್ನೂ ಬೆರೆಸಿದ ಮೇಲೆ ಐದು ದಿನ ಕತ್ತಲಲ್ಲಿಟ್ಟು, ತಳದಲ್ಲಿ ಕೂರುವ ಕೆಂಪು ಗಸಿಯನ್ನು ಬಿಟ್ಟು ತಿಳಿಯನ್ನಷ್ಟೇ ಬಸಿದುಕೊಳ್ಳಬೇಕು. ನನಗೆ ಆ ತಾಳ್ಮೆ ಇರಲಿಲ್ಲ. ಸೀಳುಗಳ ಮೇಲೆಲ್ಲ ಹರಳುಗಳು ಕೂತು, ಸೂಕ್ಷ್ಮದರ್ಶಕದಲ್ಲಿ ರಸ್ತೆಗೆ ಸುರಿದ ಜಲ್ಲಿ ನೋಡಿದಂತಾಯಿತು. ಎರಡನೆಯ ಬಾರಿ ಪಾದರಸಕ್ಕೆ ಲೋಹದ ಚಿಮುಟ ಮುಟ್ಟಿಸದೆ ಪ್ಲಾಸ್ಟಿಕ್ಕಿನದನ್ನೇ ಬಳಸಿದೆ. ಎರಡು ವಾರ ದ್ರಾವಣದಲ್ಲಿ, ಆಮೇಲೆ ಸಕ್ಕರೆ ನೀರಿನಲ್ಲಿ. 150 ಮೈಕ್ರೋಮೀಟರ್ ದಪ್ಪದ ಸೀಳು, ಅಮೋನಿಯಾ, ಮದ್ಯಸಾರದ ಮೆಟ್ಟಿಲುಗಳು, ಕೊನೆಗೆ ಗಾಜಿನ ಸ್ಲೈಡು. ಉಳಿದದ್ದು ಎಲ್ಲ ಕೈಪಿಡಿಗಳಲ್ಲೂ ಇದೆ. ಇಲ್ಲದಿರುವುದು ಒಂದೇ: ಅಮೋನಿಯಾದ ಪಕ್ಕ ಕೂತು ಊಟದ ಡಬ್ಬಿ ತೆರೆಯಬೇಡಿ.

ಮೊದಲ ಒಳ್ಳೆಯ ಗಾಜು ಸಿಕ್ಕ ಸಂಜೆ ಮನೆಗೆ ಹೋಗಲು ಮನಸ್ಸೇ ಬರಲಿಲ್ಲ. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ಸಿನ ಡೆಂಟೇಟ್ ಭಾಗದಲ್ಲಿ ಗ್ರಾನ್ಯೂಲ್ ಕೋಶಗಳು ತಲೆಕೆಳಗಾಗಿ ನಿಲ್ಲಿಸಿದ ಕಡ್ಡಿ ಪೊರಕೆಗಳು. ಕೊಂಬೆಗಳೆಲ್ಲ ಒಂದೇ ಕಡೆಗೆ. ಕಿರುಮಿದುಳಿನ ಕೋಶಗಳಿಗೂ ಗ್ರಾನ್ಯೂಲ್ ಎಂದೇ ಹೆಸರು, ಆದರೆ ಅವು ಪುಟಾಣಿ ದೇಹಕ್ಕೆ ನಾಲ್ಕು ಮೋಟು ಕಾಲು, ತುದಿಯಲ್ಲಿ ಕೋಳಿಯ ಪಂಜ. ಹೆಸರಿಟ್ಟವರು ಗಾತ್ರವನ್ನಷ್ಟೇ ನೋಡಿದ್ದರು ಎನ್ನಿಸುತ್ತದೆ. ಚಲನೆಗೆ ನೆರವಾಗುವ ಸ್ಟ್ರೈಯಾಟಮ್ಮಿನಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಒಂದೇ ಜಾತಿಯ ಮುಳ್ಳುಕೋಶಗಳು. ಸುತ್ತಲೂ ಕೈ ಚಾಚಿವೆ, ಒಂದೊಂದು ಕೈಯೂ ಕಂಬಳಿಹುಳು. ಆ ರೋಮಗಳೇ ಸ್ಪೈನ್‌ಗಳು, ಬೇರೆ ಕೋಶಗಳ ಸಂದೇಶ ಬಂದು ಮುಟ್ಟುವ ಜಾಗ.

ನನ್ನನ್ನು ಹೆಚ್ಚು ಸತಾಯಿಸಿದ್ದು ಮಿದುಳಿನ ಹೊರಪದರದ ಐದನೆಯ ಸ್ತರದ ಪಿರಮಿಡಲ್ ಕೋಶ. ತೀರ್ಥಹಳ್ಳಿ ಕಡೆಯವಳಾದ ನನಗೆ ಅದು ಪಿರಮಿಡ್ಡಿನಂತೆ ಕಂಡೇ ಇಲ್ಲ. ಅದು ಅಡಿಕೆ ಮರ. ಬುಡದಲ್ಲಿ ಬೇರಿನ ಪೊದೆ, ಮೇಲೆ ಒಂದು ಮಿಲಿಮೀಟರಿಗೂ ಉದ್ದವಾದ ನೇರ ಕಾಂಡ, ಮಿದುಳಿನ ಮೇಲ್ಮೈ ಹತ್ತಿರ ಹೋಗಿ ಬಿಚ್ಚಿಕೊಳ್ಳುವ ಸುಳಿ. ಲೆಕ್ಕ ಹಾಕಿ ನೋಡಿ. ಸೀಳಿನ ದಪ್ಪ 150, ಕೋಶ ನಟ್ಟನಡುವೆ ಇದ್ದರೂ ಆಚೀಚೆ ಉಳಿಯುವುದು 75 ಮೈಕ್ರೋಮೀಟರ್. 1,100 ಮೈಕ್ರೋಮೀಟರ್ ಉದ್ದದ ಕಾಂಡಕ್ಕೆ ಬ್ಲೇಡು ನಾಲ್ಕು ಡಿಗ್ರಿ ಓರೆಯಾದರೆ ಸಾಕು, ಸುಳಿ ಹಾರಿಹೋಗುತ್ತದೆ. ಇನ್ನೂ ಓರೆಯಾದರೆ ಉಳಿಯುವುದು ಬುಡ ಮಾತ್ರ. ಬುಡವನ್ನಷ್ಟೇ ನೋಡಿದವರು ಅದನ್ನು ನಕ್ಷತ್ರಾಕಾರದ ಕೋಶ ಎಂದು ಪಟ್ಟಿಗೆ ಸೇರಿಸುತ್ತಾರೆ. ನಾನೂ ಸೇರಿಸಿದೆ.

ಕಡಿದ ಕೊಂಬೆಯನ್ನು ಗುರುತಿಸುವ ಕಲೆ ಕೈಗೆ ಹತ್ತಲು ತಿಂಗಳುಗಳೇ ಬೇಕಾದವು. ಎಡಗೈ ಫೋಕಸ್ ತಿರುಗಣೆಯ ಮೇಲೆ, ಬಲಗೈಯಲ್ಲಿ ಪೆನ್ಸಿಲ್. ತಿರುಗಣೆಯನ್ನು ಕೂದಲೆಳೆಯಷ್ಟು ಸರಿಸಿದರೆ ಒಂದು ಕೊಂಬೆ ಮಸುಕಾಗಿ ಇನ್ನೊಂದು ತೀಕ್ಷ್ಣವಾಗುತ್ತದೆ. ಒಂದನ್ನೊಂದು ಸೇರಿದಂತಿದ್ದವು ಬರೀ ಒಂದರ ಮೇಲೊಂದು ಹಾದುಹೋದವು ಎಂದು ಆಗಲೇ ತಿಳಿಯುವುದು. ಸಹಜವಾಗಿ ಮುಗಿಯುವ ಕೊಂಬೆ ಸಣ್ಣದಾಗುತ್ತಾ ಬಂದು ಸೀಳಿನ ಒಳಗೇ ಕರಗುತ್ತದೆ. ಕಡಿದದ್ದು ಹಾಗಲ್ಲ, ದಪ್ಪ ಇದ್ದ ಹಾಗೆಯೇ ಸೀಳಿನ ಮೇಲ್ಮೈಗೆ ಬಂದು ಮೊಂಡಾಗಿ ನಿಲ್ಲುತ್ತದೆ. ಒಂದು ಕೋಶ ಬಿಡಿಸಲು ಮೂರು ಗಂಟೆ ಹಿಡಿದ ದಿನಗಳಿವೆ.

ಇದು ಬರೀ ಹೆಸರಿಡುವ ಜಗಳವಲ್ಲ. ಬೆಂಗಳೂರಿನ ಎನ್‌ಸಿಬಿಎಸ್ (ಜೀವವಿಜ್ಞಾನ ಸಂಶೋಧನಾ ಕೇಂದ್ರ) ಮತ್ತು ನಿಮ್ಹಾನ್ಸ್ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಕೂಡಿಟ್ಟು ಒತ್ತಡಕ್ಕೆ ಒಡ್ಡಿದ ಇಲಿಗಳಲ್ಲಿ ಹಿಪ್ಪೊಕ್ಯಾಂಪಸ್ಸಿನ ಕೊಂಬೆಗಳು ಕುಗ್ಗಿದ್ದವು, ಭಯ, ಆತಂಕಗಳಿಗೆ ಸಂಬಂಧಿಸಿದ ಅಮಿಗ್ಡಲಾದವು ಬೆಳೆದಿದ್ದವು. ಅಂಥ ಪ್ರಶ್ನೆಗೆ ಉತ್ತರ ಹುಡುಕುವಾಗ ಕಡಿದ ಕೊಂಬೆಗಳನ್ನೂ ಲೆಕ್ಕಕ್ಕೆ ಸೇರಿಸಿದರೆ, ಬ್ಲೇಡು ಮಾಡಿದ್ದನ್ನು ಒತ್ತಡದ ಖಾತೆಗೆ ಬರೆದಂತಾಗುತ್ತದೆ. ಅಮಿಗ್ಡಲಾದಲ್ಲಿ ಕಷ್ಟ ಇನ್ನೂ ಹೆಚ್ಚು. ಅಲ್ಲಿನ ಕೋಶಗಳು ಹೊರಪದರದವುಗಳಂತೆ ಒಂದೇ ದಿಕ್ಕಿಗೆ ಮುಖ ಮಾಡಿ ಸಾಲು ನಿಂತಿರುವುದಿಲ್ಲ. ನನ್ನ ನಿಯಮ ಹೀಗಿತ್ತು: ಕೋಶಕಾಯ ಸೀಳಿನ ನಡುಭಾಗದಲ್ಲಿರಬೇಕು, ಮುಖ್ಯ ಕೊಂಬೆಗಳಿಗೆ ಮೊಂಡು ತುದಿ ಇರಬಾರದು, ಯಾವ ಗಾಜು ಯಾವ ಇಲಿಯದು ಎಂದು ಬಿಡಿಸುವವರಿಗೆ ತಿಳಿದಿರಬಾರದು. ಈ ಸೋಸುವಿಕೆಯಲ್ಲಿ ಸಣ್ಣ ಕೋಶಗಳು ಹೆಚ್ಚಾಗಿ ಪಾರಾಗುತ್ತವೆ ಎಂಬ ದೋಷ ಇದ್ದೇ ಇದೆ. ಅದನ್ನು ಪ್ರಬಂಧದಲ್ಲಿ ಬರೆದೂ ಇದ್ದೇನೆ.

ಈಗ ಜೀನ್‌ಗಳ ಚಟುವಟಿಕೆ ನೋಡಿ ಕೋಶಗಳನ್ನು ವಿಂಗಡಿಸುತ್ತಾರೆ. 2023ರಲ್ಲಿ ಪ್ರಕಟವಾದ ಸುಂಡಿಲಿಯ ಇಡೀ ಮಿದುಳಿನ ನಕಾಶೆಯಲ್ಲಿ 5,300ಕ್ಕೂ ಹೆಚ್ಚು ಗುಂಪುಗಳಿವೆ. ನನ್ನ ಪೆನ್ಸಿಲ್ಲಿಗೆ ಅಷ್ಟನ್ನು ಬೇರ್ಪಡಿಸುವ ಶಕ್ತಿ ಇಲ್ಲ, ಒಪ್ಪುತ್ತೇನೆ. ಆದರೆ ಆ ಪಟ್ಟಿಯ ಮುಂದೆ ಕೂತು ಸಂಜೆ ಏಳಾದರೂ ಮನೆ ಮರೆತದ್ದು ಒಮ್ಮೆಯೂ ಇಲ್ಲ.

ನನ್ನ ನಕ್ಷತ್ರಗಳ ಕಥೆ ಮುಗಿದದ್ದು ಒಂದು ಭಾನುವಾರ. ಸೀಳುಗಳನ್ನು ಅನುಕ್ರಮದಲ್ಲೇ ಇಟ್ಟಿದ್ದೆ, ಅದೇ ಕೈ ಹಿಡಿಯಿತು. ಹದಿನೇಳನೆಯ ಕೋಶದ ಮುಂದಿನ ಸೀಳಿನಲ್ಲಿ ಬುಡವೇ ಇಲ್ಲದ ಕಾಂಡವೊಂದು ಮೊಂಡಾಗಿ ಶುರುವಾಗಿ ಮೇಲಕ್ಕೆ ಹೋಗಿತ್ತು. ಎರಡನ್ನೂ ಟ್ರೇಸಿಂಗ್ ಕಾಗದಕ್ಕೆ ಇಳಿಸಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಪಕ್ಕದಲ್ಲಿ ಹಾದುಹೋಗುವ ರಕ್ತನಾಳದ ಅಂಚನ್ನು ಹೊಂದಿಸಿದಾಗ ಕಾಂಡಕ್ಕೆ ಕಾಂಡ ಕೂಡಿತು. ಪುಸ್ತಕದಲ್ಲಿ 'ನಕ್ಷತ್ರಾಕಾರ' ಎಂದಿದ್ದುದನ್ನು ಹೊಡೆದು 'ಐದನೆಯ ಸ್ತರ, ಪಿರಮಿಡಲ್' ಎಂದು ಬರೆದೆ. ಆ ವಾರ ಪಟ್ಟಿಯಿಂದ ಇನ್ನೂ ಎಂಟು ನಕ್ಷತ್ರಗಳು ಉದುರಿದವು.